ಬಿಲ್ಲುಗಾರ ಸಾಯಬಾರದು

ಸುಳ್ಳು ಕಥೆಯೊಳಗೆ ಖರೆ ಹುಡುಕುವ ಮಂದಿಯ ನಡುವೆ ಕೂತರೆ ವಾರಕ್ಕೊಂದು ಇಂಥದ್ದು ಆಗಿಯೇ ಆಗುತ್ತದೆ. ನಾನು ಕೂರುವುದು ಅಂಥ ಮೂವರ ನಡುವೆ.

ಜಮಖಂಡಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಭಾನುವಾರ ಮಧ್ಯಾಹ್ನ ಬಸ್ಸು ಹತ್ತಿ ಬನಹಟ್ಟಿಗೆ ಹೋಗುತ್ತೇನೆ. ಅಲ್ಲಿ ಒಬ್ಬ ಮಗ್ಗದ ಮಾಲೀಕರ ಪಡಸಾಲೆಯಲ್ಲಿ ನಾಲ್ವರು ಸೇರಿ ಒಂದು ಆಟ ಆಡುತ್ತೇವೆ. ಕಥೆ ನಡೆಸುವವಳು ನಾನು: ಇಲ್ಲಿ ಗುಹೆ, ಅಲ್ಲಿ ರಾಕ್ಷಸ ಅಂತ ಹೇಳುತ್ತೇನೆ. ಉಳಿದ ಮೂವರಿಗೆ ತಲೆಗೊಬ್ಬ ವೀರ. ವೀರ ಏನು ಮಾಡುತ್ತಾನೆಂದು ಅವರು ಬಾಯಲ್ಲಿ ಹೇಳಬೇಕು. ಅದು ಕೈಗೂಡಿತೋ ಇಲ್ಲವೋ ಅಂತ ಇಪ್ಪತ್ತು ಮುಖದ ದಾಳ ಹೇಳುತ್ತದೆ. ಉಳಿದದ್ದಕ್ಕೆ ದಪ್ಪನೆಯ ನಿಯಮದ ಪುಸ್ತಕವಿದೆ. ಸತ್ತ ವೀರ ಮತ್ತೆ ಎದ್ದು ಬರುವಂತಿಲ್ಲ ಅನ್ನುವುದು ಮಾತ್ರ ನಾನೇ ಹಾಕಿದ ನಿಯಮ.

ಮುಧೋಳದ ದನದ ಡಾಕ್ಟರರ ವೀರ ಕೊಡಲಿ ಬೀಸುತ್ತಾನೆ. ಸಕ್ಕರೆ ಕಾರ್ಖಾನೆಯೊಂದರ ಲ್ಯಾಬಿನವರದು ಮಂತ್ರವಾದಿ. ಮಾಲೀಕರದು ಬಿಲ್ಲುಗಾರ, ಮಗನ ಹಾಗೆ ಸಾಕಿದ ಬಿಲ್ಲುಗಾರ. ಅವರು ಮೊದಲೇ ಹೇಳಿಬಿಟ್ಟಿದ್ದರು: "ಅಕ್ಕಾರ, ನನ್ನ ಬಿಲ್ಲುಗಾರ ಸತ್ತಾ ಅಂದ್ರ ನಾ ಆಟಕ್ಕ ಕೂಡೂದಿಲ್ಲ ನೋಡ್ರಿ." ಮನೆ ಅವರದು, ಮೇಜು ಅವರದು, ಚಹಾ ಅವರ ಹೆಂಡತಿಯದು. ಅವರು ಬಿಟ್ಟರೆ ಆಟ ಮುಗಿದಂತೆ. ಈ ಆಟ ಬಲ್ಲ ಐದನೆಯ ತಲೆ ಸುತ್ತಮುತ್ತ ಎಲ್ಲೂ ಇಲ್ಲ. ವಾರವಿಡೀ ಒಂಬತ್ತನೇ ತರಗತಿಯ ಮುಂದೆ ಒದರುವ ನನಗೆ ಆ ಮಧ್ಯಾಹ್ನವೊಂದೇ ಸುಖ. ಹಾಗಾಗಿ ಬಿಲ್ಲುಗಾರನ ಜೀವದ ಚಿಂತೆ ಅವರಿಗಿಂತ ನನಗೇ ಹೆಚ್ಚು. ಆದರೆ ದಾಳ ಹೇಳಿದ್ದನ್ನು ತಿರುಚುವ ಜಾಯಮಾನವೂ ನನ್ನದಲ್ಲ.

೧. ಬತ್ತಳಿಕೆ

ಪುಸ್ತಕದ ಪ್ರಕಾರ ಬತ್ತಳಿಕೆಯಲ್ಲಿ ಇಪ್ಪತ್ತು ಬಾಣ. ನಾವು ಯಾರೂ ಎಣಿಸುತ್ತಿರಲಿಲ್ಲ. ಒಂದು ದಿನ ಬಿಲ್ಲುಗಾರ ಒಬ್ಬನೇ ಮರದ ಮೇಲೆ ಸಿಕ್ಕಿಬಿದ್ದಿದ್ದ, ಕೆಳಗೆ ತೋಳಗಳ ಹಿಂಡು. ಮಾಲೀಕರು ಬಿಡುವಿಲ್ಲದೆ ಬಾಣ ಬಿಡುತ್ತಿದ್ದರು. ಲ್ಯಾಬಿನವರಿಗೆ ತಡೆಯಲಾಗಲಿಲ್ಲ.

"ಅದು ಬತ್ತಳಿಕಿನೋ ಬೋರ್‌ವೆಲ್ಲೋ? ಖರೆ ಬಾಣ ಆದ್ರ ತೀರಬೇಕಲ್ರೀ."

ಮಾತು ಸರಿಯಾಗಿತ್ತು. ಮಾಲೀಕರು ಮುಖ ಗಂಟಿಕ್ಕಿಕೊಂಡು ಕಡ್ಡಿಪೆಟ್ಟಿಗೆ ತಂದು ಮೇಜಿನ ಮೇಲೆ ಕಡ್ಡಿ ಜೋಡಿಸಿದರು. ಒಂದು ಬಾಣಕ್ಕೆ ಒಂದು ಕಡ್ಡಿ ಪಕ್ಕಕ್ಕೆ. ಕೊನೆಗೆ ಉಳಿದದ್ದು ನಾಲ್ಕು ಕಡ್ಡಿ, ಮೂರು ತೋಳ. ಒಂದು ತೋಳ ಆಗಲೇ ಕೊಂಬೆಗೆ ಬಾಯಿ ಹಾಕಿತ್ತು. ಅಷ್ಟರಲ್ಲಿ ಮಗ್ಗದ ಕಡೆಯಿಂದ ಫೋನು ಬಂತು, ಮಾಲೀಕರು ಹೊರಗೆ ಹೋದರು. ನಾವೂ ಕಾಲಾಡಿಸಲು ಎದ್ದೆವು. ತಿರುಗಿ ಬಂದರೆ ಮೇಜಿನ ಮೇಲೆ ಒಂದು ಕಡ್ಡಿಯೂ ಇಲ್ಲ.

ಅಡುಗೆಮನೆಯಿಂದ ಅವರ ಹೆಂಡತಿ ಹೇಳಿದರು: "ಲೈಟರ್ ಕೆಟ್ಟೈತ್ರಿ. ಹಾಳಾದ ಕಡ್ಡಿ ಹಸಿ ಆಗಿದ್ದು, ಎಲ್ಲಾ ಗೀರಿದ ಮ್ಯಾಲ ಒಂದು ಹತ್ತಿತು."

ಹೋದ ಬಾಣ ಹೋದದ್ದೇ ಅಂದೆ ನಾನು. ತೋಳಗಳಿಗೆ ಬೇಸರ ಬರುವವರೆಗೆ ಬಿಲ್ಲುಗಾರ ಕೊಂಬೆ ತಬ್ಬಿಕೊಂಡು ಕೂತ. ಮಾಲೀಕರು ಚಹಾ ಮುಟ್ಟಲಿಲ್ಲ. ಲ್ಯಾಬಿನವರು ಎರಡು ಕಪ್ಪು ಕುಡಿದು, "ಬಾಣದ ಮ್ಯಾಲ ಕಾಸಿದ್ದು ಛಲೋ ಆಗೇತಿ" ಅಂದರು.

೨. ನಿದ್ದೆಯ ಬಾಣ

ಮದ್ದು ಹಚ್ಚಿದ ಬಾಣ ತಾಗಿದರೆ ರಾಕ್ಷಸ ಅಲ್ಲೇ ನಿದ್ದೆಗೆ ಉರುಳುತ್ತಾನೆ ಅನ್ನುತ್ತದೆ ಪುಸ್ತಕ. ಮಾಲೀಕರು ಅದನ್ನೇ ಹೊಡೆದರು, ತಾಗಿತು. ಡಾಕ್ಟರರು ಕೈ ಅಡ್ಡ ಹಿಡಿದರು.

"ಯಾವ ಜೀವನೂ ಹಂಗ ಬೀಳೂದಿಲ್ರಿ. ಲೋಕಾಪುರದಾಗ ಒಂದು ಹೋರಿಗೆ ಕೊಳವ್ಯಾಗಿಂದ ಊದಿ ಸೂಜಿ ಹೊಡದಿದ್ದೆ. ಮದ್ದು ಏರೂತನಕ ಅದು ನನ್ನ ಬೆನ್ನ ಹತ್ತಿತ್ತು."

"ಕಡೀಕ ಬಿತ್ತೋ ಇಲ್ಲೋ?" ಅಂದರು ಮಾಲೀಕರು.

"ಬಿತ್ತಲ್ರೀ. ಅದು ಸಂತ್ಯಾಗ, ನಾ ಗಟಾರದಾಗ."

ಅನುಭವದ ಮಾತು, ಒಪ್ಪಲೇಬೇಕಾಯಿತು. ಮದ್ದು ಏರಿತೋ ಇಲ್ಲವೋ ಅಂತ ಪ್ರತಿ ಸಲ ದಾಳ ಹಾಕುವುದು, ಅಲ್ಲಿಯವರೆಗೆ ಬಿಲ್ಲುಗಾರ ಓಡುವುದು. ಓಡಿದ. ಮದ್ದು ಏರಲಿಲ್ಲ. ಮತ್ತೆ ಓಡಿದ. ಎದುರಿಗೆ ಬಂಡೆ ಬಂತು, ದಾರಿ ಮುಗಿಯಿತು. ಕೊಂಬಿನ ರಾಕ್ಷಸ ಗದೆ ಎತ್ತಿದ. ದಾಳ ಉರುಳಿತು, ಮದ್ದು ಏರಿತು.

ಎಲ್ಲರೂ ಉಸಿರು ಬಿಟ್ಟರು. ಆದರೆ ಮುಂದಕ್ಕೆ ಓಡಿ ಬರುತ್ತಿದ್ದವನು ಮುಂದಕ್ಕೇ ಬೀಳಬೇಕಲ್ಲ. ಮುಂದೆ ಇದ್ದವನು ಬಿಲ್ಲುಗಾರ. ಅವನ ಮೇಲೆಯೇ ಬಿದ್ದ.

"ಡಾಕ್ಟ್ರ, ನಿಮ್ಮ ಕೊಡಲಿಯವಂಗ ಹೇಳ್ರಿ, ಇವನ್ನ ಮಗ್ಗಲಿಗೆ ಉರುಳಿಸಲಿ" ಎಂದು ಮಾಲೀಕರು ಗೋಗರೆದರು.

ಡಾಕ್ಟರರು ತಲೆ ಅಲ್ಲಾಡಿಸಿದರು. "ಕೊಂಬಿದ್ದ ಜೀವ ಐತಿ, ದನ ಇದ್ದಂಗ. ಮಗ್ಗಲಿಗೆ ಹಾಕಿದ್ರ ಹೊಟ್ಟಿ ಉಬ್ಬಿ ಸಾಯ್ತೈತಿ. ಹಂಗ ತನ್ನ ಎದಿ ಮ್ಯಾಲ ಬೋರಲ ಇರಲಿ."

"ಕೆಳಗ ನಾ ಸಾಯಾಕತ್ತೇನಲ್ರೀ!"

ಅಂತೂ ಉಳಿದಿಬ್ಬರು ವೀರರು ಬಿಲ್ಲುಗಾರನನ್ನು ಕಾಲು ಹಿಡಿದು ಎಳೆದು ತೆಗೆದರು. ಪಕ್ಕೆಲುಬು ಮುರಿದಿತ್ತು, ಜೀವ ಇತ್ತು. ಡಾಕ್ಟರರು ಮೊದಲು ಕೇಳಿದ್ದು ರಾಕ್ಷಸನ ಉಸಿರಾಟ ಸರಿ ಇದೆಯೇ ಅಂತ.

೩. ತೊಯ್ದ ಹೆದೆ

ಮಳೆಯಲ್ಲಿ ಹೆದೆ, ಅಂದರೆ ಬಿಲ್ಲಿನ ದಾರ, ತೊಯ್ದರೆ ಬಿಲ್ಲು ಕೆಲಸ ಮಾಡುವುದಿಲ್ಲ ಅನ್ನುವುದು ಪುಸ್ತಕದ ನಿಯಮ. ಬಿಲ್ಲುಗಾರ ದೋಣಿಯಲ್ಲಿ ಹೊಳೆ ದಾಟಬೇಕಿತ್ತು. ಆಚೆ ದಂಡೆಯ ತುಂಬ ಬಿಲ್ಲು ಹಿಡಿದ ವೈರಿ ಸೈನಿಕರು. ಅವನು ಬದುಕಲಿ ಅಂತಲೇ ನಾನು ಜೋರು ಮಳೆ ಸುರಿಸಿದ್ದೆ. ಯಾರೂ ಹೊಡೆಯುವಂತಿಲ್ಲ, ಸುಮ್ಮನೆ ದಾಟಿದರೆ ಆಯಿತು.

ಮಾಲೀಕರು ಸುಮ್ಮನೆ ದಾಟುವವರೇ? "ನಾ ದೋಣ್ಯಾಗಿಂದ ಬಾಣ ಬಿಡ್ತೀನಿ" ಅಂದರು.

"ಹೆದಿ ತೋಯ್ದೈತ್ರಿ."

"ಹತ್ತಿ ನೂಲು ತೋಯ್ದ್ರ ಗಟ್ಟಿ ಆಕ್ಕೈತಿ ಅಕ್ಕಾರ. ನೇಕಾರನ ಮುಂದ ನೂಲಿನ ಮಾತು ಹೇಳಬ್ಯಾಡ್ರಿ."

ಹೇಳಿದ್ದಷ್ಟೇ ಅಲ್ಲ, ಮಗ್ಗದಿಂದ ಹಾಸಿನ ನೂಲು, ಅಂದರೆ ಬಟ್ಟೆಯ ಉದ್ದಕ್ಕೆ ಹಾಯುವ ನೂಲು, ತಂದರು. ಎಳೆಗಳನ್ನು ಕೂಡಿಸಿ ಎರಡು ದಾರ ಹೊಸೆದರು. ಒಂದನ್ನು ಬಕೆಟ್ಟಿನಲ್ಲಿ ಅದ್ದಿದರು. ತೂಗುಮಂಚದ ಕೊಂಡಿಗೆ ಎರಡನ್ನೂ ಕಟ್ಟಿ ತೂಕದ ಕಲ್ಲು ಇಳಿಬಿಟ್ಟರು. ಒಣ ದಾರ ಪಟ್ಟನೆ ಹರಿಯಿತು. ತೊಯ್ದದ್ದು ನೀರು ತೊಟ್ಟಿಕ್ಕುತ್ತ ಹಾಗೇ ನಿಂತಿತು.

"ಸೋತೆ" ಅಂದೆ. ಅವರು ತೊಡೆ ತಟ್ಟಿ ಬಾಣ ಬಿಟ್ಟರು. ಗುರಿ ತಪ್ಪಿತು.

ನಾನು ಮೆಲ್ಲಗೆ ಹೇಳಿದೆ: "ಆ ದಂಡಿಯವರ ಹೆದಿನೂ ತೋಯ್ದೈತ್ರಿ. ಅದೂ ಗಟ್ಟಿನ ಅಲ್ರೀ?"

ನಾನು ಸೈನಿಕನ ದಾಳ ಹಾಕಿದೆ. ಇಪ್ಪತ್ತು ಬಿತ್ತು, ಅದಕ್ಕಿಂತ ದೊಡ್ಡ ಪೆಟ್ಟಿಲ್ಲ. ಪಕ್ಕೆಲುಬು ಮುರಿದವನು ಅದನ್ನು ತಾಳುವಂತಿರಲಿಲ್ಲ. ಮಾಲೀಕರ ಮುಖ ನೋಡಿದೆ. ಜನ್ಮದಲ್ಲಿ ಮೊದಲ ಸಲ ಜಾಯಮಾನ ಬದಿಗಿಟ್ಟೆ. "ಆ ದಾರ ಈಗ ಹರದ್ರ ಹಳೇ ನಿಯಮನ ಖರೆ ಅಂತೀನಿ. ಬಾಣ ಬಂದೇ ಇಲ್ಲ."

ನಾಲ್ವರೂ ದಾರ ನೋಡುತ್ತ ಕೂತೆವು. ಡಾಕ್ಟರರು ಎದ್ದು ಇನ್ನೊಂದು ಕಲ್ಲು ಸೇರಿಸಿದರು. ದಾರ ಸಣ್ಣಗೆ ನರಳಿತು. ಮಾಲೀಕರು ತಮ್ಮ ನೂಲು ಹರಿಯಲಿ ಅಂತ ಕೈ ಮುಗಿದರು. ಅದೇ ಹೊತ್ತಿಗೆ ಸೀರೆ ನೋಡಲು ವ್ಯಾಪಾರಿಯೊಬ್ಬರು ಒಳಗೆ ಬಂದರು.

"ಏನ್ರೀ ಇದು, ನಿಮ್ಮ ನೂಲಿನ ಪರೀಕ್ಷಾ? ತೋಯ್ದ್ರ ತಡೀತೈತೋ, ಹರೀತೈತೋ?"

ಮಾಲೀಕರು ವ್ಯಾಪಾರಿಯನ್ನು ನೋಡಿದರು, ದಾರ ನೋಡಿದರು, ನನ್ನನ್ನು ನೋಡಿದರು. "ಹರಿಯೂದಿಲ್ರಿ. ನಮ್ಮ ನೂಲು ಎಷ್ಟು ತೋಯ್ದ್ರೂ ಹರಿಯೂದಿಲ್ಲ" ಅಂದರು. ವ್ಯಾಪಾರಿಯನ್ನು ಒಳಗೆ ಕರೆದೊಯ್ಯುತ್ತ ನನ್ನ ಕಡೆ ತಿರುಗಿ, "ಸತ್ತ ಅಂತ ತಿಳೀರಿ" ಅಂದರು.

ಬಸ್ಸಿನಲ್ಲಿ ನನಗೆ ಅಳುವೇ ಬಂತು. ಮುಂದಿನ ಭಾನುವಾರ ಹೋದದ್ದು ಪುಸ್ತಕ ವಾಪಸು ತರಲು. ನೋಡಿದರೆ ಮೂವರೂ ಮೇಜಿನ ಸುತ್ತ ಕೂತಿದ್ದಾರೆ, ಮಾಲೀಕರ ಕೈಯಲ್ಲಿ ದಾಳ.

"ಕೂಡ್ರಿ ಅಕ್ಕಾರ. ಹೊಸಾ ವೀರ ತಯಾರ ಅದಾನ."

"ಯಾರ್ರೀ?"

"ಆ ದಂಡಿ ಮ್ಯಾಲಿಂದ ನನ್ನ ಬಿಲ್ಲುಗಾರನ್ನ ಹೊಡದನಲ್ಲ, ಅಂವ. ಅವನ ಬಿಲ್ಲಿಗಿರೂದು ನಮ್ಮ ನೂಲ್ರಿ."