ಕಪಾಟು ಯಾರ ಎಡಕ್ಕೆ?

ಓದು-ಬರಹ ನನಗೆ ಅಷ್ಟಕ್ಕಷ್ಟೇ. ಆದರೆ ಎಡ-ಬಲ ತಿಳಿಯಲು ಶಾಲೆಗೆ ಹೋಗಬೇಕಿಲ್ಲ ಎಂದು ಎಪ್ಪತ್ತೆರಡು ವರ್ಷ ನಂಬಿದ್ದೆ.

ಮುಂಬಯಿ ಕಾಂದಿವಲಿಯ ಚಾಳಿನಲ್ಲಿ, ನಮ್ಮ ಒಂದೇ ಖೋಲಿಯ ಮನೆಯಲ್ಲಿ ಮೊಮ್ಮಗಳು ರೇಖಾ ಕಾಲೇಜಿನ ಪ್ರಾಜೆಕ್ಟ್ ಮಾಡುತ್ತಿದ್ದಳು. ಯಾವ ಸಾಮಾನು ಎಲ್ಲಿದೆ ಎಂದು ಬರೆದುಕೊಟ್ಟರೆ, ಕಂಪ್ಯೂಟರು ಕಣ್ಣಿಂದ ನೋಡದೆಯೇ ಉಳಿದದ್ದನ್ನು ತರ್ಕ ಮಾಡಿ ಹೇಳಬೇಕಂತೆ.

"ಆಯಿ, ಕಪ್ ಬಶಿ ಮ್ಯಾಲ ಐತಿ, ಬಶಿ ಟೇಬಲ್ ಮ್ಯಾಲ. ಟೇಬಲ್ ಸರಿಸಿದ್ರ ಕಪ್ ಎಲ್ಲಿರ್ತೈತಿ?"

"ನೀ ಸರಿಸಿದ್ರ ನೆಲದ ಮ್ಯಾಲ."

"ಎಡಕ್ಕ ಅಂದ್ರ ಯಾರ ಎಡಕ್ಕ, ಅದನ್ನೂ ಹೇಳಬೇಕಾಗ್ತೈತಿ ಆಯಿ."

"ಎಡ ಅಂದ್ರ ಎಡ. ಉಣ್ಣದ ಕೈ. ಇಷ್ಟೂ ತಿಳಿಯದ ಡಬ್ಬಿಗೆ ಕರೆಂಟ್ ಯಾಕ ಸುಡ್ತಿ?"

ಆ ರವಿವಾರ ಮೊಮ್ಮಗ ಮಲ್ಲುವಿಗೆ ಹೆಣ್ಣು ಕೊಡುವವರು ಸಾಂತಾಕ್ರೂಜಿನಿಂದ ಮನೆ ನೋಡಲು ಬರುವವರಿದ್ದರು. ಮೊದಲು ಬಂದ ಇಬ್ಬರು ನಮ್ಮ ಗೋಡೆಯ ಹಸಿ ಕಲೆ ನೋಡಿ ಚಹಾ ಕುಡಿದು ಹೋದವರು ಫೋನೂ ಮಾಡಲಿಲ್ಲ. ಇದೂ ತಪ್ಪಿದರೆ ಹುಡುಗನ ಲಗ್ನದ ಕಥೆ ಮುಗಿದಂತೆಯೇ.

ನಾನೊಂದು ಉಪಾಯ ಮಾಡಿದೆ. ಬಚ್ಚಲ ಬಾಗಿಲಿನ ಮಗ್ಗುಲಿಗೇ ಕಬ್ಬಿಣದ ಕಪಾಟು, ಅದರಾಚೆ ಮೂಲೆಯಲ್ಲಿ ಕಲೆ. ಕಪಾಟನ್ನು ಮೂಲೆಗೆ ದಬ್ಬಿದರೆ ಕಲೆ ಮಾಯ. ಮಲ್ಲು ಬೀಗರನ್ನು ಕರೆತರಲು ಸ್ಟೇಷನ್ನಿಗೆ, ರೇಖಾ ಹಾಲು ತರಲು ಹೋಗಿದ್ದರು. ನಮ್ಮ ವಿಜಯಪುರದ ಕಡೆಯ ಇಬ್ಬರು ಹಮಾಲರನ್ನು ಹಿಡಿದು ತಂದು, ನಾನು ಬಚ್ಚಲಲ್ಲಿ ಬಾಗಿಲಿಗೆ ಮುಖ ಮಾಡಿ ಕೂತು, ತಲೆ ಎತ್ತದೆ ಕಪ್ ತೊಳೆಯುತ್ತ ಹುಕುಂ ಕೊಟ್ಟೆ. ಮೂಲೆ ನನ್ನ ಎಡಕ್ಕಿತ್ತು.

"ಎಡಕ್ಕ ದಬ್ಬರಿ."

ಅವರು ನನ್ನ ಕಡೆ ಮುಖ ಮಾಡಿ ನಿಂತಿದ್ದರು. ದಬ್ಬಿದರು.

"ಇನ್ನೂ ಎಡಕ್ಕ." ಬೆಳಕು ಅರ್ಧವಾಯಿತು.

"ಇನ್ನೂ." ಪೂರಾ ಕತ್ತಲಾಯಿತು. ಕರೆಂಟ್ ಹೋಯಿತು ಎಂದುಕೊಂಡೆ.

"ಸಾಕು, ಭಾಳ ಛಲೋ ಆತು," ಎಂದೆ. ಅವರು ಬೇರೆ ಕೆಲಸಕ್ಕೆ ಹೊರಟೇಹೋದರು.

ರೇಖಾ ಬಂದಳು. "ಆಯಿ, ಎಲ್ಲಿದ್ದಿ?"

"ಬಚ್ಚಲದಾಗ."

ಹೊರಗೆ ಟಕಟಕ ಸದ್ದು.

"ಏನ್ ಬಡೀತಿ? ಕಪಾಟು ದಬ್ಬು."

"ನನ್ನಿಂದ ಅಳ್ಳಾಡವಲ್ದು. ಅದಕ್ಕ ಕಂಪ್ಯೂಟರಿಗೆ ಕೇಳಿದೆ. ಆಯಿ ಬಚ್ಚಲದ ಒಳಗ. ಬಚ್ಚಲಕ್ಕ ಬಾಗಿಲು ಒಂದೇ. ಬಾಗಿಲ ಮುಂದ ಕಪಾಟು. ಹಿಂಗಾಗಿ ಆಯಿ ಹೊರಗ ಬರಂಗಿಲ್ಲ. ಕರೆಕ್ಟ್ ಆನ್ಸರ್, ಆಯಿ."

ಅಷ್ಟರಲ್ಲಿ ಬೀಗರ ಚಪ್ಪಲಿ ಸದ್ದು.

"ಆಯಿ ಎಲ್ಲಿ, ಕಾಣವಲ್ರಲ್ಲ?" ಎಂದರು ಹುಡುಗಿಯ ಅಪ್ಪ.

"ಇಲ್ಲೇ ಅದೀನ್ರಿ," ಎಂದಿತು ಕಪಾಟು.

ಮಲ್ಲು, ಬೀಗರು ಕೂಡಿ ದಬ್ಬಿದರು. ತೊಳೆದ ಆರು ಕಪ್ ಹಿಡಿದು ಹೊರಬಂದೆ. ಬೀಗರ ಕಣ್ಣು ಗೋಡೆಯ ಕಲೆಯ ಮೇಲಿತ್ತು. ಮಲ್ಲುವಿನ ಮುಖ ಬಾಡಿತು.

"ಮಂದಿ ಹಸಿ ಗ್ವಾಡಿಗೆ ಕಪಾಟು ಅಡ್ಡ ಇಡ್ತಾರ," ಎಂದರು ಬೀಗರು. "ನೀವು ಕಪಾಟು ಸರಿಸಿ ಗ್ವಾಡಿ ತೋರಿಸೀರಿ. ಏನೂ ಮುಚ್ಚಿಡದ ಇಂಥಾ ಮನಿ ಮುಂಬಯಿದಾಗ ಸಿಗಂಗಿಲ್ಲ. ಹುಡುಗಿ ಕೊಡ್ತೀವಿ."

ರೇಖಾ ನನ್ನನ್ನು ನೋಡಿದಳು. ನಾನು ಚಹಾ ಸೋಸಿದೆ. ಆ ಮನೆಯಲ್ಲಿ ಮುಚ್ಚಿಟ್ಟದ್ದು ನನ್ನೊಬ್ಬಳನ್ನೇ.