ರೊಟ್ಟಿ ಬಡಿದು ನಡೆದ ಹನ್ನೊಂದು ಸಾವಿರ ಹೆಜ್ಜೆ

ಆರೋಗ್ಯದ ವಿಷಯದಲ್ಲಿ ನಾನು ಬಹಳ ಜಾಗರೂಕ ಮನುಷ್ಯ. ಅದಕ್ಕೇ ಸ್ಮಾರ್ಟ್ ವಾಚ್ ಕೊಂಡೆ. ಹೀಗೆಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ಖರೆ ಹೇಳಬೇಕೆಂದರೆ, ಬಿ.ಪಿ. ಇದೆ, ನಡೆಯಿರಿ ಎಂದು ಡಾಕ್ಟರು ಎರಡು ವರ್ಷ ಹೇಳಿದರೂ ಕುರ್ಚಿ ಬಿಟ್ಟು ಏಳದವನು, ಎದುರುಮನೆ ಮಹಾಂತೇಶನ ಮುಂಗೈ ಮೇಲೆ ಅದು ಮಿನುಗಿದ ಮರುದಿನವೇ ಅಂಗಡಿಗೆ ಓಡಿದ್ದೆ. ರೋಗದ ಭಯ ಮಾಡದ ಕೆಲಸವನ್ನು ನೆರೆಯವನ ಮುಂಗೈ ಮಾಡಿತು!

ವಿದ್ಯಾಗಿರಿಯ ನಮ್ಮ ಓಣಿಯಲ್ಲಿ ಹೀಗೆ ನಾಲ್ವರು ವಾಚಿನವರಾದೆವು. ಯಾರು ಎಷ್ಟು ಹೆಜ್ಜೆ ನಡೆದರೆಂದು ದಿನಾ ಸಂಜೆ ವಾಟ್ಸಾಪ್ ಗುಂಪಿನಲ್ಲಿ ಹಾಕುವುದು ನಿಯಮ. ಮಹಾಂತೇಶ ಒಂಬತ್ತು ಸಾವಿರ. ಮೂವತ್ತು ವರ್ಷ ಗಣಿತ ಕಲಿಸಿದ ಮಾಸ್ತರನಾದ ನಾನು ಸಾವಿರದ ಇನ್ನೂರು. ಅದರಲ್ಲೂ ಅರ್ಧ ಚಹಾದಂಗಡಿಗೆ ಹೋಗಿಬಂದದ್ದು.

ಅಷ್ಟರಲ್ಲಿ ಶಿರೂರಿನ ಭಾಮೈದನ ಮಗಳ ಮದುವೆ ಬಂತು. ನಮ್ಮ ಕಡೆ ಮದುವೆಯೆಂದರೆ ಬಳಗದ ಹೆಂಗಸರೆಲ್ಲ ಮೊದಲೇ ಕಡಕ್ ರೊಟ್ಟಿ ಬಡಿದು ಒಟ್ಟಿಡಬೇಕು. ನನ್ನ ಹೆಂಡತಿ ಗಿರಿಜಾ ದಿನಕ್ಕೆ ಅರವತ್ತು ರೊಟ್ಟಿಗೆ ಕುಳಿತಳು. ಒಂದು ಮುಂಜಾನೆ ಸ್ನಾನಕ್ಕೆ ಹೊರಟವನು, ಎಲ್ಲಾದರೂ ಇಟ್ಟು ಮರೆತೇನೆಂದು ವಾಚನ್ನು ಅವಳ ಬಲಗೈಗೆ ಕಟ್ಟಿ ಹೋದೆ. ಬರುವಷ್ಟರಲ್ಲಿ ಸಾವಿರದ ಮುನ್ನೂರು ಹೆಜ್ಜೆ! ಪಟಪಟ ರೊಟ್ಟಿ ಬಡಿಯುವ ಕೈಯನ್ನು ಆ ಯಂತ್ರ ನಡಿಗೆಯೆಂದು ನಂಬಿತ್ತು.

"ಗಿರಿಜಾ, ಇದು ಸಂಜಿತನಾ ನಿನ್ನ ಕೈಯಾಗ ಇರಲಿ."

"ನನಗ್ಯಾಕ್ರಿ ಅದು? ಮೊದಲೇ ನಾಕ ಮೆಟ್ಟಲ ಹತ್ತಿದ್ರ ದಮ್ಮ ಬರಾಕತ್ತೇತಿ."

"ನಡಿಗಿ ಇಲ್ಲ, ಅದಕ್ಕ ದಮ್ಮ. ಮನುಷ್ಯಾ ನಡೀಬೇಕು!" ಎಂದು ಕುರ್ಚಿಯಲ್ಲಿ ಕುಳಿತೇ ಬೋಧಿಸಿದೆ.

ವಾರದಲ್ಲಿ ನಾನು ಓಣಿಗೇ ಮೊದಲಿಗ. ಹನ್ನೊಂದು ಸಾವಿರ! ಅಭಿನಂದಿಸಲು ಬಂದ ಮಹಾಂತೇಶ ಕೈ ಕುಲುಕಿ, ಹಾಗೇ ಹಿಡಿದು ನೋಡಿದ.

"ಮಾಸ್ತರ, ವಾಚಿನ ಪಟ್ಟಿಯಾಗ ಜ್ವಾಳದ ಹಿಟ್ಟು ಐತಲ್ರಿ?"

"ಬೆವರು ಒಣಗಿದ್ದಪ್ಪಾ."

ಅವನು ನನ್ನ ಫೋನು ತೆಗೆದುಕೊಂಡು ವಾಚಿನ ದಾಖಲೆ ತೆರೆದ. ಮುಖ ಸಣ್ಣದಾಯಿತು. "ಸುಮ್ಮನ ಕುಂತಾಗೂ ನಾಡಿ ನೂರಾ ಹದಿನೈದು ತೋರಸ್ತೇತಿ! ಏಳ್ರಿ, ದವಾಖಾನಿಗೆ ನಡೀರಿ."

ಇಲ್ಲವೆಂದರೆ ಗುಟ್ಟು ರಟ್ಟು. ಹೋದೆ. ಎದೆಗೆಲ್ಲ ತಂತಿ ಅಂಟಿಸಿ ಪರೀಕ್ಷೆ ಮಾಡಿದ ಡಾಕ್ಟರು ಹುಬ್ಬು ಗಂಟಿಕ್ಕಿದರು.

"ನಿಮ್ಮ ನಾಡಿ ಎಪ್ಪತ್ತೆರಡು, ಸರಿ ಐತ್ರಿ. ವಾಚಿನ್ಯಾಗ ಇರೂದು ನಿಮ್ದಲ್ಲ."

ತಪ್ಪೊಪ್ಪಿಕೊಂಡೆ. ಮಹಾಂತೇಶ ಹೊಟ್ಟೆ ಹಿಡಿದುಕೊಂಡು ನಕ್ಕ. ಡಾಕ್ಟರು ನಗಲಿಲ್ಲ.

"ಹಂಗಾರ ನಿಮ್ಮ ಮನಿಯವರ್ನ ಇವತ್ತ ಕರಕೊಂಡು ಬರ್ರಿ" ಎಂದರು.

ಪರೀಕ್ಷೆಗೆ ಬಿಚ್ಚಿದ ವಾಚನ್ನು ಡಾಕ್ಟರ ಮೇಜಿನ ಮೇಲೆಯೇ ಮರೆತಿದ್ದೆ; ಅಲ್ಲಿಂದ ಮನೆಯತನಕ ನಾನು ನಡೆದ ಹೆಜ್ಜೆಗಳನ್ನು ಯಾವ ವಾಚೂ ಎಣಿಸಲಿಲ್ಲ, ನನಗೂ ಎಣಿಸುವ ಧೈರ್ಯವಿರಲಿಲ್ಲ.

ಗಿರಿಜಾಳ ಮೈಯಲ್ಲಿ ರಕ್ತ ಬಹಳ ಕಡಿಮೆಯಾಗಿತ್ತು; ಆ ದಮ್ಮು, ಆ ನಾಡಿಯ ಓಟ ಎಲ್ಲ ಅದರಿಂದಲೇ. ಸದ್ಯ, ಔಷಧದಿಂದ ಸರಿಹೋಗುವಂಥದ್ದು. "ಇಷ್ಟು ದಿವಸ ಯಾಕ ಹೇಳಿಲ್ರಿ?" ಎಂದು ಡಾಕ್ಟರು ಕೇಳಿದಾಗ ಅವಳು ನನ್ನ ಕಡೆ ನೋಡಿ, "ಹೇಳಿದ್ನಲ್ರಿ, ನಡಿ ಅಂದ್ರು" ಎಂದಳು. ಇಪ್ಪತ್ತೆಂಟು ವರ್ಷ ಒಂದೇ ಮನೆಯಲ್ಲಿದ್ದ ಗಂಡ ಕಿವಿಗೆ ಹಾಕಿಕೊಳ್ಳದ್ದನ್ನು ವಾಚು ಒಂದೇ ವಾರದಲ್ಲಿ ಕೇಳಿಸಿಕೊಂಡಿತ್ತು. ನನಗೆ ನಾಚಿಕೆಯಾಯಿತು, ಭಯವೂ ಆಯಿತು.

ಈಗ ವಾಚು ಅವಳ ಕೈಯಲ್ಲೇ ಇದೆ, ಹಕ್ಕಿನಿಂದ. ಉಳಿದ ರೊಟ್ಟಿ ನಾನು ಬಡಿಯುತ್ತೇನೆಂದು ಘೋಷಿಸಿ ಹಿಟ್ಟಿನ ಮುಂದೆ ಕುಳಿತೆ. ಮೊದಲನೆಯದು ಹರಿಯಿತು. ಎರಡನೆಯದು ಕೈಗೇ ಅಂಟಿತು. ಮೂರನೆಯದು ಹಂಚಿನ ದಾರಿಯಲ್ಲಿ ನೆಲ ಸೇರಿತು. ಕುರ್ಚಿಯಲ್ಲಿ ಕುಳಿತಿದ್ದ ಗಿರಿಜಾ ಮುಂಗೈ ನೋಡಿಕೊಂಡಳು.

"ಸರೀರಿ ಅತ್ಲಾಗ! ನಿಮ್ಮ ರೊಟ್ಟಿ ನೋಡಿ ನನ್ನ ನಾಡಿ ಮತ್ತ ಏರಾಕತ್ತೇತಿ!"