ನಮೂನೆ-೭ಕ್ಕೆ ಸಿಕ್ಕದ ಹುಡುಗನ ಕುರಿತು

ವಿದ್ಯಾರ್ಥಿ ಎಚ್ಚರಿಕಾ ವಿಭಾಗ, ಅಲೆಕ್ಸಾಂಡ್ರಿಯಾ
ಸಂಖ್ಯೆ: ವಿಎವಿ/ಮಾತ್ರೆ/೭/ತಿದ್ದುಪಡಿ-೪

ವಿಷಯ: ವೈದ್ಯರ ಚೀಟಿಯ ಮಾತ್ರೆಗಳಿಗೆ ಹದಿಹರೆಯದವರು ಅಂಟಿಕೊಂಡಿರುವ ಲಕ್ಷಣಗಳನ್ನು ಗುರುತಿಸುವ ಬಗ್ಗೆ, ಹಾಗೂ ಶಾಲೆಯಲ್ಲಿ ಚಹಾ ಕಾಯಿಸುವ ಉಮ್ಮ್ ರಗಬ್ ಅವರು ನಮೂನೆಯಿಲ್ಲದೆಯೇ ಗುರುತಿಸಿದ ಬಗ್ಗೆ.

ಉಲ್ಲೇಖ: ಇದೇ ವಿಭಾಗದ ಹಿಂದಿನ ಮೂರು ಸುತ್ತೋಲೆಗಳು (ಮೂರನ್ನೂ ಹಿಂಪಡೆಯಲಾಗಿದೆ).

೧. ಬಾಲಕರ ಪ್ರೌಢಶಾಲೆಯ ಸಿಬ್ಬಂದಿಗೆ ತಿಳಿಯಪಡಿಸುವುದೇನೆಂದರೆ, ತೂಕಡಿಕೆ, ಸಿಡುಕು, ಕೆಂಪು ಕಣ್ಣು, ಬಾಗಿಲು ಹಾಕಿಕೊಂಡು ಕೂರುವುದು, ಕರೆದರೆ ಓಗೊಡದಿರುವುದು, ಇವನ್ನು ನಮೂನೆ-೭ರಲ್ಲಿ ಲಕ್ಷಣಗಳೆಂದು ನಮೂದಿಸಲಾಗಿತ್ತು. ಅದರಂತೆ ಶಾಲೆಯ ಮುನ್ನೂರ ಹನ್ನೆರಡು ಹುಡುಗರಲ್ಲಿ ಮುನ್ನೂರ ಹನ್ನೊಂದು ಮಂದಿ ಸಿಕ್ಕಿಬಿದ್ದಿರುತ್ತಾರೆ.

೨. ನಮೂನೆ ಓದಿದ ಶಿಕ್ಷಕರು, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಿರುವುದು ಗಮನಕ್ಕೆ ಬಂದಿದೆ. ನಲವತ್ತು ದಾಟಿದವರ ತೂಕಡಿಕೆಯನ್ನು ಸೇವಾನುಭವವೆಂದು ಪರಿಗಣಿಸತಕ್ಕದ್ದು. ಭೌತಶಾಸ್ತ್ರದ ಫಿಕ್ರಿಯವರನ್ನು ಎಬ್ಬಿಸಬಾರದು.

೩. ವಸಂತದ ಹಬ್ಬದಂದು ಉಪ್ಪುಮೀನಿನ ಜೊತೆ ಹಸಿ ಈರುಳ್ಳಿ ತಿನ್ನುವುದರಿಂದ, ಆ ದಿನ ಕೆಂಪು ಕಣ್ಣುಗಳ ತಪಾಸಣೆ ಇರುವುದಿಲ್ಲ. ಕಳೆದ ಬಾರಿ ಮೊದಲು ಸಿಕ್ಕಿಬಿದ್ದದ್ದು ತಪಾಸಣಾ ಸಮಿತಿಯೇ.

೪. ನಮೂನೆಗೆ ಸಿಕ್ಕದೆ ಉಳಿದ ಆ ಒಬ್ಬನೇ ಹದಿನಾರರ ವಗ್ದಿ. ಸಿಡುಕಿಲ್ಲ, ಎದುರುತ್ತರವಿಲ್ಲ. ಅಜ್ಜಿ ಮೂರನೇ ಮಹಡಿಯಿಂದ ಹಗ್ಗ ಕಟ್ಟಿ ಇಳಿಬಿಡುವ ಬುಟ್ಟಿಗೆ, ಆಕೆಯ ಸೊಂಟನೋವಿನ ಮಾತ್ರೆಗಳನ್ನು ತಾನೇ ಔಷಧಿ ಅಂಗಡಿಯಿಂದ ತಂದು ಹಾಕುತ್ತಿದ್ದ. ಇದನ್ನು ಮೆಚ್ಚಿ ಈ ವಿಭಾಗವು ಆತನಿಗೆ 'ಮಾದರಿ ಮೊಮ್ಮಗ' ಪ್ರಮಾಣಪತ್ರ ನೀಡಿದ್ದನ್ನು ವಿಷಾದದಿಂದ ಸ್ಮರಿಸಲಾಗಿದೆ.

೫. ಅಜ್ಜಿಯ ಪಕ್ಕದ ಮನೆಯವರೂ ಆದ ಉಮ್ಮ್ ರಗಬ್ ಅವರಿಗೆ ಹೊಳೆದದ್ದು ಇಷ್ಟೇ: ಮೊಮ್ಮಗ ತಪ್ಪದೆ ಮಾತ್ರೆ ತರುತ್ತಾನೆ, ಅಜ್ಜಿ ತಪ್ಪದೆ ನರಳುತ್ತಾಳೆ. ಹಾಜರಿ ಪುಸ್ತಕ ಒಯ್ಯಲು ಬಂದಾಗಲೆಲ್ಲ ನಾಲ್ಕು ಚಮಚ ಸಕ್ಕರೆ ಹಾಕಿಸಿಕೊಂಡು ಚಹಾ ಕುಡಿಯುತ್ತಿದ್ದ ಹುಡುಗ, ಮೂರು ದಿನದಿಂದ ಲೋಟ ಮುಟ್ಟಿಲ್ಲ. ಅವರ ಎದೆ ಧಸಕ್ಕೆಂದಿತು (ಇದಕ್ಕೆ ಪೂರ್ವಾನುಮತಿ ಪಡೆದಿರುವುದಿಲ್ಲ). ಆತನನ್ನು ಒಲೆಯ ಪಕ್ಕ ಕೂರಿಸಿಕೊಂಡು, "ಅಜ್ಜಿ ಮಾತ್ರೆ ನಿನ್ನ ಹೊಟ್ಟೆಗೆ ಹೋಗ್ತಿದ್ಯೇನೋ, ಮಗನೇ? ಬೈಯಲ್ಲ, ಹೇಳು" ಎಂದು ಕೇಳಿರುವುದೂ, ಆತ "ಪರೀಕ್ಷೆ ಭಯಕ್ಕೆ ಒಂದು ಅಂತ ಶುರು ಮಾಡ್ದೆ, ಚಿಕ್ಕಮ್ಮಾ. ಈಗ ಬಿಡೋಕೇ ಆಗ್ತಿಲ್ಲ" ಎಂದು ಅತ್ತಿರುವುದೂ ದಾಖಲಾಗಿದೆ.

೬. ತರುವಾಯ ಸದರಿಯವರು ರಜೆ ಅರ್ಜಿ ಕೊಡದೆ, ಏಪ್ರನ್ ಕೂಡ ಬಿಚ್ಚದೆ, ಹುಡುಗನ ಕೈ ಹಿಡಿದು ಟ್ರಾಮಿನಲ್ಲಿ ಆಸ್ಪತ್ರೆಗೆ ಕರೆದೊಯ್ದಿರುತ್ತಾರೆ. ಅಂದು ಸಿಬ್ಬಂದಿಗೆ ಚಹಾ ದೊರೆತಿಲ್ಲ. ಕೆಲಸದಿಂದ ಏಕೆ ತೆಗೆಯಬಾರದೆಂದು ನೋಟಿಸು ನೀಡಲಾಗಿ, "ಹುಡುಗ ಉಳ್ಕೊಂಡ್ನಲ್ಲ, ಇನ್ನೇನು ಹೇಳ್ಲಿ?" ಎಂಬ ಉತ್ತರ ಬಂದಿದೆ. ಇದಕ್ಕೆ ಏನು ಷರಾ ಬರೆಯಬೇಕೆಂದು ಕಚೇರಿಗೆ ತೋಚದ ಕಾರಣ ನೋಟಿಸನ್ನು ಹಿಂಪಡೆಯಲಾಗಿದೆ.

೭. ನಮೂನೆ-೭ ರದ್ದಾಗಿದೆ. ಇನ್ನು ಮುಂದೆ ನಮೂನೆ-೮ರಂತೆ "ಏನಾಯ್ತು, ಮಗನೇ?" ಎಂದು ಕೇಳತಕ್ಕದ್ದು. ಮೂರು ಪ್ರತಿಗಳಲ್ಲಿ ಕೇಳುವ ಅಗತ್ಯವಿಲ್ಲ. ಉತ್ತರ ಬರುವವರೆಗೆ ಪಕ್ಕದಲ್ಲೇ ಕೂತಿರತಕ್ಕದ್ದು; ಇದಕ್ಕೆ ಕಾಲಮಿತಿ ನಿಗದಿಪಡಿಸಿಲ್ಲ.

ಸಹಿ/-
ಇಸ್ಮತ್ ಶಲಬಿ
ಉಪನಿರ್ದೇಶಕರು
(ಚಹಾ ದೊರೆಯದ ದಿನ ಹಾಜರಿದ್ದವರು)

ಪ್ರತಿಗಳು:
೧. ಮುಖ್ಯೋಪಾಧ್ಯಾಯರಿಗೆ, ಪಾಲನೆಗಾಗಿ.
೨. ಫಿಕ್ರಿಯವರಿಗೆ, ಎದ್ದ ಮೇಲೆ.
೩. ವಗ್ದಿಯ ಅಜ್ಜಿಗೆ, ಬುಟ್ಟಿಯ ಮೂಲಕ.
೪. ಉಮ್ಮ್ ರಗಬ್ ಅವರಿಗೆ. ಸದರಿಯವರಿಗೆ ಓದು ಬಾರದ ಕಾರಣ, ಕಳೆದ ವಾರದಿಂದ ಶಾಲೆಗೆ ಮರಳಿರುವ ವಗ್ದಿಯು ಒಲೆಯ ಪಕ್ಕ ಕೂತು ಓದಿ ಹೇಳತಕ್ಕದ್ದು. ನಾಲ್ಕು ಚಮಚ ಸಕ್ಕರೆ ಮಂಜೂರಾಗಿದೆ.